ಕಾಟಜ್ಜನ ಕಲ್ಲಿಗೆ ಹೋಗುವ ದಾರಿ

ಶಿವಕುಮಾರಪ್ಪನವರು ಬಗ್ಗಿ ಮಣ್ಣಿನೊಳಗಿಂದ ಗಾಜಿನ ಚೂರೊಂದನ್ನು ಎತ್ತಿಕೊಂಡರು. ಹೆಬ್ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರು. ಹಸಿರು ಬಳೆಯ ತುಂಡು; ಉಗುರಿನಷ್ಟು ಬಾಗು ಮಾತ್ರ ಉಳಿದಿತ್ತು. ಆಮೇಲೆ ಸುತ್ತ ನೋಡಿದರು. ಬೂದಿ ಬಣ್ಣದ ದಿಬ್ಬ, ಅದರ ಮೇಲೆ ಲಂಟಾನದ ಪೊದೆ, ಆಚೆ ಯಾರದೋ ಕೊಯ್ಲು ಮುಗಿದ ರಾಗಿ ಹೊಲ.

"ಇಷ್ಟೇನಾ?" ಎಂದರು.

ಅವರನ್ನು ಕರೆತಂದ ಮೂಡಲಗಿರಿಯಪ್ಪ ಪಕ್ಕಕ್ಕೆ ಬಂದು ನಿಂತ. ಮತ್ತೋಡಿನ ಈ ದಿಬ್ಬದ ಮುಂದೆ ಹೇಳಬೇಕಾದ ಮಾತುಗಳನ್ನು ಅವನು ವಾರದಿಂದ ಬಾಯಿಪಾಠ ಮಾಡಿಕೊಂಡಿದ್ದ. ಹಿಂದೆ ಇಲ್ಲಿ ಕುಲುಮೆಗಳಿದ್ದವು, ಸವಳು ಮಣ್ಣು ಕರಗಿ ಬಳೆಯಾಗುತ್ತಿತ್ತು, ಸೀಮೆಯ ಹೆಣ್ಣುಮಕ್ಕಳ ಮುಂಗೈ ಈ ಊರಿನ ಗಾಜಿನಿಂದಲೇ ತುಂಬುತ್ತಿತ್ತು ಎಂದೆಲ್ಲ ಹೇಳಿದ. ಹೇಳುತ್ತಿರುವಾಗಲೇ ಮಾತಿಗೂ ದಿಬ್ಬಕ್ಕೂ ತಾಳೆಯಾಗುತ್ತಿಲ್ಲವೆಂದು ಅವನಿಗೇ ಅನ್ನಿಸಿತು. ದುರ್ಗದ ಕೋಟೆಯ ಮೇಲಾದರೆ ಮಾತು ತಡವರಿಸಿದರೂ ಕಲ್ಲು ಕೈಹಿಡಿಯುತ್ತಿತ್ತು. ಇಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಶಿವಕುಮಾರಪ್ಪನವರು ಒರಟು ಮನುಷ್ಯರಲ್ಲ. ಬಳೆಚೂರನ್ನು ಎಸೆಯದೆ, ಎತ್ತಿಕೊಂಡ ಜಾಗದಲ್ಲೇ ಮೆಲ್ಲಗೆ ಇಟ್ಟರು. ಬೆಂಗಳೂರಿನಿಂದ ಬಂದ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿ ಅವರು. ತಾಯಿಯ ತವರು ಹೊಳಲ್ಕೆರೆ ಕಡೆಯೇ ಎಂದು ದಾರಿಯಲ್ಲಿ ಹೇಳಿಕೊಂಡಿದ್ದರು. ಜೀಪಿನ ಕಡೆ ಕುಂಟುತ್ತ ನಡೆಯುವಾಗ, ಜನ ಟಿಕೀಟು ಕೊಂಡು ಬರಬೇಕಾದರೆ ಕಣ್ಣಿಗೆ ಏನಾದರೂ ಸಿಗಬೇಕಲ್ಲವೇ ಎಂದು ಸಮಾಧಾನದ ದನಿಯಲ್ಲೇ ಕೇಳಿದರು. ಆ ಸಮಾಧಾನವೇ ಮೂಡಲಗಿರಿಯಪ್ಪನನ್ನು ಹೆಚ್ಚು ಕಂಗೆಡಿಸಿತು.

ಅವನು ಕೋಟೆಯ ಮೇಲೆ ಬಂದವರಿಗೆ ಕಥೆ ಹೇಳಿ ಹೊಟ್ಟೆ ಹೊರೆದುಕೊಂಡು ಬಂದವನು. ಯಾರೂ ನೇಮಿಸಿದ ಕೆಲಸವಲ್ಲ. ಬೆಳಗ್ಗೆ ಬಾಗಿಲ ಹತ್ತಿರ ನಿಲ್ಲುವುದು, ಬಸ್ಸಿನಿಂದ ಇಳಿದವರ ಮುಖ ನೋಡುವುದು, ಕರೆದರೆ ಹೋಗುವುದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಮಾರನೆಯ ವರ್ಷ ಹೊಸ ಕಾನೂನೂ ಬಂತು: ಬರುವ ಯುಗಾದಿಯಿಂದ ಎದೆಯ ಮೇಲೆ ಬಿಲ್ಲೆ ಇಲ್ಲದವರು ಕೋಟೆಯಲ್ಲಿ ಕಥೆ ಹೇಳಕೂಡದು. ಬಿಲ್ಲೆ ಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಮೂಡಲಗಿರಿಯಪ್ಪ ಮದುವೆಯಾದ ಮೇಲೆ ರಾತ್ರಿ ಶಾಲೆ ಸೇರಿ ಓದಿದವನು. ಉಳಿದೆಲ್ಲ ವಿಷಯಗಳೂ ಆಗಿದ್ದವು, ಗಣಿತ ಮಾತ್ರ ಪ್ರತಿ ಸಲವೂ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿತ್ತು. ಇಲಾಖೆಯ ಬಾಗಿಲಿಗೆ ಅಲೆದೂ ಅಲೆದೂ ಕೊನೆಗೆ ಶಿವಕುಮಾರಪ್ಪನವರೇ ಒಂದು ದಾರಿ ತೋರಿಸಿದ್ದರು. ಕೋಟೆ ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ ಹಳೆಯ ಜಾಗಗಳನ್ನು ಮಾರಿಕಣಿವೆಯ ಹಿನ್ನೀರಿನ ದಂಡೆಗುಂಟ ಹೆಣೆದು ಒಂದು ದಿನದ ಬಸ್ಸು ಬಿಡುವ ಯೋಚನೆ ಇದೆ. ಅಂಥ ಜಾಗ ತೋರಿಸುವವನಾದರೆ, ಆ ಬಸ್ಸಿನಲ್ಲಿ ಮಾತಾಡುವವನಿಗೆ ಪಾಸು ಫೇಲು ಕೇಳದಂತೆ ನೋಡಿಕೊಳ್ಳಬಹುದು.

ಜಾಗ ತೋರಿಸುವ ದಿನ ಇವತ್ತೇ. ಬೆಳಗ್ಗೆ ಹೊಸದುರ್ಗ ದಾಟಿ ಹಾಲುರಾಮೇಶ್ವರಕ್ಕೆ ಹೋದರು. ಶಿವಕುಮಾರಪ್ಪನವರು ಗಂಗೆಯ ಕೊಳದ ಮುಂದೆ ಕೈಮುಗಿದು ಕೂತು, ಏನನ್ನೋ ಕೇಳಿಕೊಂಡು ಎದ್ದರು. ಚೆನ್ನಾಗಿದೆ, ಆದರೆ ಇಲ್ಲಿಗೆ ಆಗಲೇ ಬಸ್ಸುಗಟ್ಟಲೆ ಜನ ಬರುತ್ತಾರೆ, ನಾವು ಹೊಸದಾಗಿ ತೋರಿಸುವುದೇನು ಎಂದರು. ಈಗ ಮತ್ತೋಡು ಹೀಗಾಯಿತು. ಉಳಿದದ್ದು ಒಂದೇ ಜಾಗ.

ಆ ಜಾಗವನ್ನು ಮೂಡಲಗಿರಿಯಪ್ಪ ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿತ್ತು. ಅದು ಅವನು ಹುಟ್ಟಿದ ಹಟ್ಟಿ.

ಕಾಟಜ್ಜನಹಟ್ಟಿ ಹಿನ್ನೀರಿನ ಮೇಲುಗಡೆಯ ಏರಿನಲ್ಲಿ, ಜಾಲಿಮುಳ್ಳಿನ ದುಂಡನೆಯ ಬೇಲಿಯೊಳಗೆ ಕೂತಿತ್ತು. ಬೇಲಿಯ ನಡುವೆ, ಗುಡಿಸಲುಗಳೆಲ್ಲ ಮುಖ ಮಾಡಿದ ಬಯಲಿನಲ್ಲಿ, ಆಳೆತ್ತರದ ವೀರಗಲ್ಲು. ತುರು ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಸತ್ತ ಕಾಟಜ್ಜನೇ ಆ ಕಲ್ಲು. ಹಟ್ಟಿಯವರೆಲ್ಲ ಅವನ ಒಕ್ಕಲು. ಹಟ್ಟಿಯೊಳಗೆ ಕೆರ ಮೆಟ್ಟಿದವರಿಲ್ಲ. ಓಟು ಕೇಳಲು ಬಂದವರೂ, ದನದ ಡಾಕ್ಟರೂ ಬೇಲಿಯ ಬಾಯಲ್ಲೇ ಕಾಲು ಬರಿದು ಮಾಡಿಕೊಂಡು ಬರುತ್ತಾರೆ. ಹೊರಗಿನವರು ಕಲ್ಲು ನೋಡಲು ಬರುತ್ತಾರೆಂದಾಗ ಹಿರಿಯರು ಮೊದಲು ಒಪ್ಪಿರಲಿಲ್ಲ. ಮೂಡಲಗಿರಿಯಪ್ಪನ ಅಕ್ಕ ದೊಡ್ಡಕ್ಕನ ಗಂಡ ಚಿತ್ತಪ್ಪ ಆ ಕಲ್ಲಿನ ಪೂಜಾರಿ. ಕಟ್ಟುಪಾಡಿಗೆ ಕುಂದು ಬಂದರೆ ಯಾರು ಹೊಣೆ ಎಂದು ಯಜಮಾನ ಎತ್ತಪ್ಪ ಕೇಳಿದಾಗ, ಚಿತ್ತಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ಎದ್ದು ನಿಂತು, ನನ್ನ ಮ್ಯಾಲಿರ್ಲಿ ಎಂದಿದ್ದ. ಅಷ್ಟಕ್ಕೇ ಮಾತು ಮುಗಿದಿತ್ತು. ಚಿತ್ತಪ್ಪ ಮಾತು ಕೊಟ್ಟ ಮೇಲೆ ಹಟ್ಟಿಯಲ್ಲಿ ಇನ್ನೊಬ್ಬರು ಬಾಯಿ ಹಾಕುವುದಿಲ್ಲ.

ಜೀಪು ಬೇಲಿಯ ಹೊರಗಿನ ಬೇವಿನ ಮರದಡಿ ನಿಂತಾಗ ಬಿಸಿಲು ನೆತ್ತಿಗೆ ಬಂದಿತ್ತು. ಪ್ರಾಯದ ಗಂಡಸರೆಲ್ಲ ಕುರಿ ಹಿಂದೆ ಹೋಗಿದ್ದರು. ಚಿತ್ತಪ್ಪ ಒಳಗೆ ಕಲ್ಲಿನ ಹತ್ತಿರ ಕಾದಿರುತ್ತಾನೆ. ಮೂಡಲಗಿರಿಯಪ್ಪ ಕೆರ ಕಳಚಿ ಬೇಲಿಗೆ ಒತ್ತಿ ಇಟ್ಟ. ಡ್ರೈವರ್ ರಂಗಯ್ಯನೂ ಇಳಿದು, ನೋಡಿಯೇಬಿಡೋಣವೆಂದು ತನ್ನ ಚಪ್ಪಲಿ ಬಿಟ್ಟ. ಶಿವಕುಮಾರಪ್ಪನವರು ಜೀಪಿನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಸಡಿಲಿಸಿದರು. ಬೂಟು, ಕಾಲುಚೀಲ ಕಳಚಿ ಹಾಗೇ ಕೂತರು. ಹೆಬ್ಬೆರಳ ಸುತ್ತ ಪಟ್ಟಿ. ಪಟ್ಟಿಯ ಮೇಲೆ ಹಳದಿ ಕಲೆ.

ಸಕ್ಕರೆ ಕಾಯಿಲೆಯಂತೆ. ಮುಳ್ಳು ತಾಗಿದರೆ ಬೆರಳನ್ನೇ ತೆಗೆಯಬೇಕಾದೀತೆಂದು ಡಾಕ್ಟರು ಹೆದರಿಸಿದ್ದಾರಂತೆ. ಅವರು ಬೇಲಿಯ ಬುಡದಲ್ಲಿ ಉದುರಿದ್ದ ಜಾಲಿಮುಳ್ಳುಗಳನ್ನು ನೋಡಿದರು.

"ಬೇಡ ಬಿಡಿ ಮೂಡಲಗಿರಿಯಪ್ಪನೋರೆ. ನಿಮ್ಮ ಪದ್ಧತಿ ಕೆಡಿಸೋದು ನನಗೂ ಬೇಕಿಲ್ಲ. ಇಲ್ಲಿಂದಲೇ ಕಂಡಷ್ಟು ನೋಡ್ತೀನಿ."

ಅಲ್ಲಿಂದ ಕಾಣುತ್ತಿದ್ದದ್ದು ಮುಳ್ಳು, ಹುಲ್ಲಿನ ಸೂರು, ಆಚೆ ನೀರಿನ ಒಂದು ತುಣುಕು. ಕಲ್ಲು ಕಾಣುತ್ತಿರಲಿಲ್ಲ. ಶಿವಕುಮಾರಪ್ಪನವರು ಬೂಟು ಮತ್ತೆ ಮೆಟ್ಟಿ ದಾರ ಬಿಗಿದುಕೊಂಡು, ಕೈಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಒಳಗೆ ಕೂಗು ಹಾಕಿ ಚಿತ್ತಪ್ಪನನ್ನು ಕರೆಯೋಣವೇ ಎಂದು ಮೂಡಲಗಿರಿಯಪ್ಪನಿಗೆ ಅನ್ನಿಸದೆ ಇರಲಿಲ್ಲ. ಕರೆದರೆ ಚಿತ್ತಪ್ಪ ಯಜಮಾನ ಎತ್ತಪ್ಪನನ್ನು ಕರೆಯುತ್ತಾನೆ, ಎತ್ತಪ್ಪ ಇನ್ನು ನಾಲ್ವರನ್ನು ಕೂರಿಸುತ್ತಾನೆ, ಎಲೆ ಅಡಿಕೆ ಬರುತ್ತದೆ, ಒಬ್ಬೊಬ್ಬರೂ ಒಂದೊಂದು ಹಳೆಯ ಮಾತು ತೆಗೆಯುತ್ತಾರೆ, ಸಾಹೇಬರು ಬಿಸಿಲಲ್ಲಿ ನಿಂತು ಅದನ್ನೆಲ್ಲ ನೋಡುತ್ತಾರೆ. ಅದನ್ನು ನೆನೆಸಿಕೊಂಡೇ ಅವನ ಕಿವಿ ಬಿಸಿಯಾಯಿತು.

"ಬಿಚ್ಚೋದೇನೂ ಬ್ಯಾಡ ಸಾರ್. ಹಂಗೇ ಬರ್ರಿ, ಹೋಗಾಣ," ಎಂದ. "ಎಲ್ಲ ನಮ್ಮೋರೇ. ನಾನು ಹೇಳ್ಕಂತೀನಿ."

"ಏನೂ ತೊಂದರೆ ಇಲ್ಲ ತಾನೆ?"

"ಏನಿಲ್ಲ ಸಾರ್. ಈಗ ಮೊದಲಿನಂಗೇನಿಲ್ಲ."

ರಂಗಯ್ಯ ಅವನ ಬರಿಗಾಲು ನೋಡಿದ. "ಮತ್ತೆ ನೀವು ಯಾಕ್ರಿ ಬಿಟ್ರಿ?" ಎಂದ. ಮೂಡಲಗಿರಿಯಪ್ಪ ಬೇಲಿಯ ಬಾಯಿ ದಾಟಿ ಮುಂದೆ ನಡೆದ.

ಒಳಗೆ ದೊಡ್ಡಕ್ಕ ಚೊಂಬಿನಲ್ಲಿ ಹಾಲು ಹಿಡಿದು ಎದುರು ಬರುತ್ತಿದ್ದಳು. ಸೆರಗು ತಲೆಗೆ ಎಳೆದುಕೊಂಡು ನಗುತ್ತಿದ್ದವಳು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ಅವಳ ಕಣ್ಣು ಮೊದಲು ಬೂಟಿನ ಮೇಲೆ, ಆಮೇಲೆ ತಮ್ಮನ ಮುಖದ ಮೇಲೆ ಬಂತು. ಹಾಲು ಯಾಕೋ ಒಡೆದಂಗೈತೆ, ತಡೀರಿ ಎಂದು ತಿರುಗಿ, ಗುಡಿಸಲ ಮಗ್ಗುಲಿನ ಕಳ್ಳಿಯ ಬುಡಕ್ಕೆ ಅಷ್ಟನ್ನೂ ಸುರಿದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಚಿತ್ತಪ್ಪ ಕಲ್ಲಿನ ಪಕ್ಕ ಕೈಕಟ್ಟಿ ನಿಂತಿದ್ದ. ಬೂಟು ಮಣ್ಣು ಮೆಟ್ಟುವ ಸದ್ದಿಗೆ ತಲೆಯೆತ್ತಿದ. ಆಮೇಲೆ ಅವನ ನೋಟ ಕಲ್ಲಿನ ಕಡೆಗೆ ತಿರುಗಿತು, ಅಲ್ಲೇ ಉಳಿಯಿತು.

ಮೂಡಲಗಿರಿಯಪ್ಪ ಮಾತು ಶುರುಮಾಡಿದ. ಕೆಳಗಿನ ಅಂಕಣದಲ್ಲಿ ಒಂದರ ಬೆನ್ನಿಗೊಂದು ಒತ್ತಿಕೊಂಡ ಹಸುಗಳು, ಅವುಗಳ ಮುಂದೆ ಬಿಲ್ಲೆಳೆದು ನಿಂತ ಕಾಟಜ್ಜ, ಎದೆಗೆ ನಾಟಿದ ಬಾಣ. ನಡುವಿನಲ್ಲಿ ಅವನ ಎರಡೂ ತೋಳು ಹಿಡಿದು ಮೇಲಕ್ಕೊಯ್ಯುವ ಹೆಂಗಸರು. ಮೇಲೆ ಲಿಂಗದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವನೂ ಅವನೇ. ಎಣ್ಣೆ ಕುಡಿದು ಕುಡಿದು ಕಲ್ಲು ಕರಿ ಕಂಬಳಿಯ ಬಣ್ಣಕ್ಕೆ ತಿರುಗಿತ್ತು. ಹಿಂದಿನಿಂದ ಓಡಿ ಬರುವ ಒಂದು ನಾಯಿಯನ್ನೂ ಕೆತ್ತಿದ್ದಾರೆ, ಹುಡುಕಿದರೆ ಮಾತ್ರ ಕಾಣುತ್ತದೆ ಎಂದಾಗ ಶಿವಕುಮಾರಪ್ಪನವರು ನೋವಿನ ಕಾಲನ್ನು ಮರೆತು ಬಗ್ಗಿ ಹುಡುಕಿದರು, ಕಂಡಾಗ ಚಿಕ್ಕವರಂತೆ ನಕ್ಕರು. ಕೋಟೆಯ ಮೇಲೆ ಇಷ್ಟು ವರ್ಷದಲ್ಲಿ ಒಂದು ದಿನವೂ ಅವನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಚಿತ್ತಪ್ಪ ಭಂಡಾರ ಕೊಟ್ಟ. ಕೊಡುವಾಗ ಅವನ ಕೈಯಿಂದ ಅರಿಸಿನ ನೆಲಕ್ಕೆ ಚೆಲ್ಲಿತು.

ಹೊರಡುವಾಗ ಮೂಡಲಗಿರಿಯಪ್ಪ ಒಂದು ಗಳಿಗೆ ಹಿಂದೆ ಉಳಿದು, ಭಾವ, ಸಂಜೆ ಬಂದು ಎಲ್ಲ ಹೇಳ್ತೀನಿ ಎಂದ. ಚಿತ್ತಪ್ಪ ಕಲ್ಲಿಗೇ ಹೇಳುವಂತೆ ಹೇಳಿದ: "ಹೋಗಪ್ಪ. ಜೀಪು ನಿಂತೈತೆ."

ದುರ್ಗದ ದಾರಿಯಲ್ಲಿ ಶಿವಕುಮಾರಪ್ಪನವರು ತುಂಬ ಮಾತಾಡಿದರು. ಉಳಿದ ಎರಡು ಜಾಗ ಬಿಟ್ಟುಬಿಡೋಣ, ಈ ಕಲ್ಲೊಂದೇ ಸಾಕು, ಇದರ ಸುತ್ತಲೇ ಬಸ್ಸು ಮಾಡೋಣ ಎಂದರು. ಒಂದೇ ಷರತ್ತು. ಹಟ್ಟಿಯ ಯಜಮಾನರು ಆಫೀಸಿಗೆ ಬಂದು ನಮ್ಮ ಒಪ್ಪಿಗೆ ಇದೆ ಎಂದು ಮೇಲಿನವರ ಮುಂದೆ ಬಾಯಿಬಿಟ್ಟು ಹೇಳಬೇಕು. ಮುಂದಿನ ಸೋಮವಾರ ಅವರನ್ನು ಕರೆದುಕೊಂಡು ಬಂದರೆ ಮೂಡಲಗಿರಿಯಪ್ಪನ ಕೆಲಸ ಆದಂತೆಯೇ. ಅವನು ಸಂಜೆ ಹಟ್ಟಿಗೆ ಹೋಗಲಿಲ್ಲ. ಜೀಪು ದುರ್ಗಕ್ಕೆ ಹೊರಟಿತ್ತು, ಇಳಿಯುತ್ತೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಜುಂಜಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಸಾಹೇಬರು ನಾಯಿಯನ್ನು ಹುಡುಕಿ ನಕ್ಕದ್ದನ್ನು ಅವನು ಎರಡು ಸಲ ಹೇಳಿದ. ಅವಳು ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಿಸದೆ ಒಂದೇ ಪ್ರಶ್ನೆ ಕೇಳಿದಳು.

"ಕೆರ ಬಿಟ್ಟಿದ್ರಾ ಅವ್ರು?"

ಅವನು ಸೊಪ್ಪಿನ ಸಾರು ಇನ್ನಷ್ಟು ಹಾಕು ಎಂದ. ಅವಳು ಹಾಕಿದಳು. ಅವಳ ತವರೂ ಅಂಥದೇ ಇನ್ನೊಂದು ಹಟ್ಟಿ. ಎರಡನೆಯ ಸಲ ಕೇಳಬೇಕಾದ ಅಗತ್ಯ ಅವಳಿಗಿರಲಿಲ್ಲ.

ಶನಿವಾರ ಅವನು ಹೊಸದುರ್ಗದ ಬಸ್ಸು ಹಿಡಿದು, ಮತ್ತೋಡಿನಲ್ಲಿ ಇಳಿದು, ಏರು ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಸಾಹೇಬರ ಕಾಲಿನ ಹುಣ್ಣು ಮೊದಲು ಹೇಳಬೇಕು. ಬಸ್ಸು ಬಂದರೆ ಹಟ್ಟಿಗೆ ರಸ್ತೆಯಾಗುತ್ತದೆ, ಬೋರು ಬೀಳುತ್ತದೆ ಎನ್ನುವುದು ಆಮೇಲೆ. ಬೇವಿನ ಮರದ ಹತ್ತಿರ ಬಂದವನಿಗೆ ಬೇಲಿಯ ಬಾಯಿ ಕಾಣಲಿಲ್ಲ. ಹುಟ್ಟಿದಾಗಿನಿಂದ ಓಡಾಡಿದ ಜಾಗದಲ್ಲಿ ಹಸಿ ಜಾಲಿಮುಳ್ಳನ್ನು ಎದೆಯೆತ್ತರ ಒಟ್ಟಿದ್ದರು. ಕಡಿದ ಕೊಂಬೆಗಳ ಎಲೆ ಇನ್ನೂ ಬಾಡಿರಲಿಲ್ಲ. ಮೂಡಲ ದಿಕ್ಕಿಗೆ ಹೊಸ ಬಾಯಿ ತೆರೆದಿದ್ದರು. ಅಲ್ಲಿ ಇನ್ನೂ ಕಾಲುಹಾದಿ ಸವೆದಿರಲಿಲ್ಲ. ಬೇಲಿಯ ಹೊರಗೆ ಬೂದಿಯ ಗುಡ್ಡೆಗಳಿದ್ದವು. ಮೈಲಿಗೆ ಕಳೆಯಲು ಪ್ರತಿ ಮನೆಯ ಒಲೆಯನ್ನೂ ಆರಿಸಿ, ಬರಿದು ಮಾಡಿ, ಹೊಸ ಬೆಂಕಿ ಹೊತ್ತಿಸಿದ್ದರು.

ಮರದಡಿ ಎತ್ತಪ್ಪ ಕದಿರು ಹಿಡಿದು ಉಣ್ಣೆ ನೂಲುತ್ತಿದ್ದ. ಎಂಬತ್ತು ದಾಟಿದ್ದರೂ ಅವನ ಕಣ್ಣು ಇನ್ನೂ ಹದ್ದಿನಂತಿತ್ತು. ಆಚೆ ದಡದ ಕುರಿಯ ಕಿವಿಯಲ್ಲಿ ಯಾರ ಗುರುತಿದೆಯೆಂದು ಹೇಳುತ್ತಿದ್ದ.

"ಯಾರಪ್ಪ?" ಎಂದು ಕೇಳಿದ.

"ನಾನು ಕಣಜ್ಜ. ಮೂಡಲಗಿರಿ."

"ಯಾವ ಮೂಡಲಗಿರಿ? ದುರ್ಗದೋನಾ?"

ಮೂಡಲಗಿರಿಯಪ್ಪ ನೆಲದ ಮೇಲೆ ಕೂತ. ಭಾವ ಎಲ್ಲಿ ಎಂದ. ಕುರಿ ಹಿಂದೆ ಹೋಗ್ಯಾನೆ ಎಂದ ಎತ್ತಪ್ಪ. ಕಾಟಜ್ಜನ ಪೂಜೆ ಮಾಡುವವನು ಸೂರ್ಯ ಮುಳುಗುವವರೆಗೆ ಹಟ್ಟಿ ಬಿಟ್ಟು ಹೊರಡುವುದಿಲ್ಲ. ಆ ಮಾತಿನ ಅರ್ಥ ಅವನಿಗೆ ತಡವಾಗಿ ಇಳಿಯಿತು. ಪೂಜೆಯ ತಟ್ಟೆ ಬೇರೆ ಮನೆಗೆ ಹೋಗಿತ್ತು. ಚಿತ್ತಪ್ಪನ ತಂದೆ, ತಂದೆಯ ತಂದೆ ಮಾಡಿಕೊಂಡು ಬಂದದ್ದು. ಇನ್ನು ಅವನ ಮಕ್ಕಳಿಗೂ ಇಲ್ಲ.

"ಭಾವಂದು ತಪ್ಪಿಲ್ಲ ಅಜ್ಜ. ಅವ್ನಿಗೆ ಗೊತ್ತೇ ಇರ್ಲಿಲ್ಲ. ನಾನೇ ಬರ್ರಿ ಅಂದೆ."

"ಗೊತ್ತೈತೆ. ಕೂಟದಾಗೆ ಅವ್ನು, ನಾನೇ ಒಳಗೆ ಕರ್ದೆ ಅಂದ. ಸುಳ್ಳು ಹೇಳಾಕೂ ಬರಲ್ಲ ಅವನಿಗೆ. ಎಲ್ರೂ ನೆಲ ನೋಡಿದ್ವಿ." ಎತ್ತಪ್ಪ ಎಳೆ ಜಗ್ಗಿ ನೋಡಿ ಕದಿರಿಗೆ ಸುತ್ತಿದ. "ಆದ್ರೆ ಮಾತು ಕೊಟ್ಟೋನು ಅವ್ನಲ್ಲವಾ. ಆಯಪ್ಪ ಕುಂಟ್ತಿದ್ನಂತೆ, ಕಾಲಿಗೆ ಏನಾಗಿತ್ತು?"

"ಹುಣ್ಣಾಗಿತ್ತು ಅಜ್ಜ. ಮುಳ್ಳು ತಾಗಿದ್ರೆ ಬೆರಳು ಕುಯ್ಬೇಕು ಅಂದಿದ್ರಂತೆ."

"ಪಾಪ," ಎಂದ ಎತ್ತಪ್ಪ. ನಿಜವಾಗಿಯೂ ಮರುಗಿದಂತಿತ್ತು. "ಬೇಲಿ ತಾವ ನಿಂತು ಒಂದು ಕೂಗು ಹಾಕಿದ್ರೆ ಕಂಬಳಿ ಹಾಸ್ತಿದ್ವಲ್ಲೋ. ಗುರುಗಳು ಹಾವುಗೆ ಮೆಟ್ಕಂಡು ಬಂದಾಗ ಹಾಸಲ್ವಾ? ಕಂಬಳಿ ಮ್ಯಾಲೆ ನಡೆದ್ರೆ ನೆಲ ಮೆಟ್ಟಿದಂಗಲ್ಲ. ನೀನೇ ಕಂಡಿದ್ದೀಯ, ಸಣ್ಣೋನಿದ್ದಾಗ ನಿಮ್ಮಪ್ಪನ ಜತೆ ಒಂದು ತುದಿ ಹಿಡ್ಕಂಡು ಹಾಸಿದೀಯ. ಹಟ್ಟಿ ತುಂಬ ಕಂಬಳಿ ಅವೆ. ಒಂದು ಕೂಗು."

ಉಣ್ಣೆಯ ಒರಟು, ಹೊಗೆಯ ವಾಸನೆ, ತಂದೆ ಆ ತುದಿಯಿಂದ ಬಿಗಿಯಾಗಿ ಹಿಡಿಯೋ ಎಂದದ್ದು, ಎಲ್ಲವೂ ಅವನ ಅಂಗೈಗೆ ಬಂದವು. ಆ ದಿನ ಬೇಲಿಯ ಬಾಯಲ್ಲಿ ನಿಂತಾಗ ಮಾತ್ರ ಬಂದಿರಲಿಲ್ಲ. ಬೂಟಿನಲ್ಲಿ ಒಳಹೋಗುವುದು ಸಾಹೇಬರಿಗೂ ಬೇಡವಾಗಿತ್ತು, ಹಟ್ಟಿಗೂ ಬೇಡವಾಗಿತ್ತು. ಹಟ್ಟಿಯವರನ್ನು ಒಂದು ಮಾತು ಕೇಳದೆ ತಾನೊಬ್ಬನೇ ನಿಶ್ಚಯಿಸಿದ್ದ. ಕೇಳಿದರೆ ತನ್ನವರು ದಾರಿ ಹುಡುಕಿಕೊಡುವುದಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ತಪ್ಪು ದಂಡ ಕಟ್ತೀನಿ ಅಜ್ಜ," ಎಂದ. "ಕೂಟ ಕೂರಿಸ್ರಿ. ತಲೆ ಬೋಳಿಸ್ಕಳ್ಳಾ ಅಂದ್ರೆ ಬೋಳಿಸ್ಕಂತೀನಿ. ಕುರಿ ಕೊಡು ಅಂದ್ರೆ ಎಲ್ಲಿಂದಾದ್ರೂ ತಂದ್ಕೊಡ್ತೀನಿ. ಭಾವನ ತಟ್ಟೆ ಭಾವನಿಗೆ ಕೊಟ್ಬಿಡ್ರಿ."

ಎತ್ತಪ್ಪ ಕದಿರನ್ನು ಮಡಿಲಲ್ಲಿಟ್ಟು ಮೊದಲ ಸಲ ಅವನನ್ನು ನೇರವಾಗಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ಒಂದು ಅಂಚಾದರೂ ಸಿಗುತ್ತಿತ್ತು.

"ತಪ್ಪು ಹಟ್ಟಿಯೋರಿಗೆ ಹಾಕ್ತೀವಪ್ಪ," ಎಂದ, ದಾರಿ ಕೇಳಿದವರಿಗೆ ದಾರಿ ಹೇಳುವಂತೆ. "ಹೊರಗಿನೋರಿಗೆ ಏನಂತ ಹಾಕಾಣ?"

ಸೋಮವಾರದ ಮಾತು, ರಸ್ತೆಯ ಮಾತು, ಬೋರಿನ ಮಾತು ಒಂದೂ ಇನ್ನು ಯಾರಿಗೂ ಬೇಕಾಗಿರಲಿಲ್ಲ. ಎತ್ತಪ್ಪ ಮತ್ತೆ ನೂಲತೊಡಗಿದ. ಆಮೇಲೆ, ಬಿಸಿಲಾಗೆ ಬಂದೀಯ, ನೀರಾದ್ರೂ ಕುಡಿ ಎಂದು ಬೇಲಿಯ ಕಡೆ ತಿರುಗಿ ದೊಡ್ಡಕ್ಕನ ಹೆಸರು ಹಿಡಿದು ಕೂಗಿದ.

ಅವಳು ಹೊಸ ಬಾಯಿಯಿಂದ ಸುತ್ತಿಕೊಂಡು ಬರಲು ತಡವಾಯಿತು. ಕಣ್ಣು ಊದಿದ್ದವು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನು ಬಂದಾಗಲೆಲ್ಲ ಚೊಂಬನ್ನು ಕೈಗೆ ಕೊಟ್ಟು, ಕುಡಿಯುವವರೆಗೆ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಅವನು ಎದ್ದು ಎರಡೂ ಕೈ ಚಾಚಿದ.

ದೊಡ್ಡಕ್ಕ ಚೊಂಬನ್ನು ಕೊಡಲಿಲ್ಲ. ಒಂದು ಹೆಜ್ಜೆ ದೂರದಲ್ಲಿ ನಿಂತು, ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ದಾರಿಹೋಕರಿಗೆ ಹಾಗೆ ಎತ್ತಿ ಹಿಡಿಯುವುದನ್ನು ಅವನು ಎಷ್ಟೋ ಸಲ ನೋಡಿದ್ದ.

"ಅಕ್ಕ," ಎಂದ.

"ಕುಡಿ ಗಿರಿಯಪ್ಪ," ಎಂದಳು. "ಬಸ್ಸು ಹೋಗಿಬಿಡ್ತದೆ."

ಅವನು ಬಗ್ಗಿದ. ಬೊಗಸೆಯನ್ನು ಬಾಯಿಗೆ ಹಚ್ಚಿದ. ನೀರು ಮೇಲಿನಿಂದ ತೆಳ್ಳಗೆ, ಅಲುಗುತ್ತ ಬಿತ್ತು. ಅರ್ಧ ಬೊಗಸೆಗೆ ಬಿದ್ದು ಅರ್ಧ ಮೊಣಕೈಗುಂಟ ಹರಿದು ನೆಲಕ್ಕೆ ಇಳಿಯಿತು. ಬೇಲಿಯ ಸಂದಿನಿಂದ ನುಸುಳಿ ಬಂದ ಕುರಿಮರಿಯೊಂದು ಆ ಒದ್ದೆ ಮಣ್ಣನ್ನು ಮೂಸಿತು, ಸ್ವಲ್ಪ ನೆಕ್ಕಿತು, ಆಮೇಲೆ ತಲೆಯೆತ್ತಿ ಇಬ್ಬರ ನಡುವೆ ಸುಮ್ಮನೆ ನಿಂತುಕೊಂಡಿತು.